ಆಟ ಯಾರದು, ತಟ್ಟೆ ಯಾರದು?

ಮೊನ್ನೆ ರಾತ್ರಿ ಜಗಲಿ ಮೇಲೆ ಕೂತು ಫೋನಿನಲ್ಲಿ ಅಮೆರಿಕದ ಒಂದು ಆಟದ ತುಣುಕುಗಳನ್ನು ನೋಡುತ್ತಿದ್ದೆ. ಬಾಸ್ಕೆಟ್‌ಬಾಲ್ ಆಡುವಂಥ ದೊಡ್ಡ ಒಳಾಂಗಣ. ಕತ್ತಲು. ಕತ್ತಲ ಮೇಲೆ ಬಣ್ಣದ ದೀಪ. ಎದೆ ನಡುಗಿಸುವ ಸಂಗೀತ. ನಡುವೆ ಒಬ್ಬ ಕಪ್ಪು ಹೆಣ್ಣುಮಗಳು ಓಡಿ ಬಂದಳು, ನೆಲಕ್ಕೆ ಕೈ ಕೊಟ್ಟಳು, ಗಾಳಿಯಲ್ಲಿ ತಿರುಗಿ ನಿಂತಳು. ಜನ ಹೋ ಎಂದು ಕೂಗಿದರು. ಹಿಂದೆ ನಿಂತು ನೋಡುತ್ತಿದ್ದ ಅವ್ವ ಕೇಳಿದಳು: “ಡೊಂಬರ ಹುಡುಗಿ ಆಡ್ದಂಗೆ ಆಡ್ತಾಳಲ್ಲ ಮಗ. ಆಟ ಮುಗುದ್ಮೇಲೆ ತಟ್ಟೆ ಹಿಡ್ಕಂಡು ಬರೋರು ಯಾರು?”

ನಾನು ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಕಾವ್ಯಮೀಮಾಂಸೆಯ ಪತ್ರಿಕೆ ಬರೆದು ಪಾಸಾಗಿದ್ದೇನೆ. ರಸ, ಧ್ವನಿ, ಔಚಿತ್ಯ ಎಲ್ಲ ಬಾಯಿಪಾಠ. ಆದರೆ ತಟ್ಟೆ ಯಾರ ಕೈಲಿದೆ ಅನ್ನೋ ಪ್ರಶ್ನೆ ಆ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ಎಲ್ಲಿಂದ ಇರುತ್ತೆ? ಆ ಮೀಮಾಂಸೆ ಬರೆದವರು ತಟ್ಟೆಯ ಆಚೆ ಬದಿ ಕೂತವರು. ಅವ್ವ ಓದಿಲ್ಲ. ಆದರೆ ವಿಮರ್ಶೆಯ ಮೊದಲ ಪ್ರಶ್ನೆ ಅವಳದೇ. ಅದನ್ನೇ ಹಿಡಿದು ಈ ಆಟವನ್ನು ನೋಡೋಣ.

ಆಟದ ಹೆಸರು ‘ಗೋಲ್ಡ್ ಓವರ್ ಅಮೆರಿಕ ಟೂರ್’. ನಡೆಸಿದವಳು ಸಿಮೋನ್ ಬೈಲ್ಸ್. ಮೊದಲ ಸಲ 2021ರ ಸೆಪ್ಟೆಂಬರ್ 21ರಂದು ಅರಿಜೋನದ ಟೂಸಾನ್‌ನಲ್ಲಿ ಶುರುವಾಗಿ ನವೆಂಬರ್ 7ಕ್ಕೆ ಬಾಸ್ಟನ್‌ನಲ್ಲಿ ಮುಗಿಯಿತು. ಎರಡನೇ ಸಲ, ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ, 2024ರ ಸೆಪ್ಟೆಂಬರ್ 16ರಂದು ಕ್ಯಾಲಿಫೋರ್ನಿಯದ ಓಷನ್‌ಸೈಡ್‌ನಲ್ಲಿ ಹೊರಟು ನವೆಂಬರ್ 3ಕ್ಕೆ ಡೆಟ್ರಾಯ್ಟ್ ಮುಟ್ಟಿತು. ನಮ್ಮ ನಾಟಕ ಕಂಪನಿಗಳು ಊರೂರಿಗೆ ಕ್ಯಾಂಪು ಹಾಕುತ್ತಿದ್ದ ಹಾಗೆ ಇವರೂ ಊರಿಂದ ಊರಿಗೆ. ಇಂದು ಇಲ್ಲಿ, ನಾಳೆ ಅಲ್ಲಿ.

ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಗೋಟ್’. ಇಂಗ್ಲಿಷಿನ ಆಟಗಾರರ ಬಾಯಲ್ಲಿ ಅದಕ್ಕೆ ಸರ್ವಕಾಲಕ್ಕೂ ಶ್ರೇಷ್ಠಳು ಅಂತ ಅರ್ಥ. ಬೈಲ್ಸ್ ತನ್ನ ಉಡುಪಿನ ಮೇಲೂ ಆಡಿನ ಚಿತ್ರ ಹಾಕಿಸಿಕೊಂಡು ಸ್ಪರ್ಧೆಗೆ ಇಳಿದವಳು. ಆದರೆ ಆಡು ಅಂದಾಗ ನಮ್ಮ ಕೇರಿಯವರಿಗೆ ನೆನಪಾಗುವುದು ಶ್ರೇಷ್ಠತೆ ಅಲ್ಲ, ಮಾರಿಹಬ್ಬ. ಆಡನ್ನು ಗುಡಿ ಮುಂದೆ ನಿಲ್ಲಿಸಿ ಮೈಮೇಲೆ ತೀರ್ಥ ಚಿಮುಕಿಸುತ್ತಾರೆ. ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಆಡು ಮೈ ಕೊಡವಿತೋ, “ತಾಯಿ ಒಪ್ಪಿದಳು” ಅಂತ ಕತ್ತಿ ಬೀಳುತ್ತೆ. ತಣ್ಣೀರು ಬಿದ್ದರೆ ಯಾವ ಆಡು ತಾನೇ ಮೈ ಕೊಡವುವುದಿಲ್ಲ? ಆ ನಡುಕಕ್ಕೆ ಒಪ್ಪಿಗೆ ಅಂತ ಹೆಸರಿಟ್ಟವರು ಕತ್ತಿ ಹಿಡಿದವರು.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಒಲಿಂಪಿಕ್ಸ್ ಮುಗಿದ ಮೇಲೆ ಗೆದ್ದ ಹುಡುಗಿಯರನ್ನು ಊರೂರು ತಿರುಗಿಸಿ ಆಡಿಸುವುದು ಹಳೆಯ ಪದ್ಧತಿ. ಅದನ್ನು ನಡೆಸುತ್ತಿದ್ದದ್ದು ಅಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆ. 2016ರಲ್ಲಿ ರಿಯೋದಿಂದ ಚಿನ್ನ ತಂದ ತಂಡವನ್ನೂ ಹಾಗೇ ತಿರುಗಿಸಿದರು. ಕೆಲ್ಲಾಗ್ಸ್ ಎಂಬ ತಿಂಡಿ ಕಂಪನಿಯ ಹೆಸರಿನಲ್ಲಿ. ಅದೇ 2016ರ ಸೆಪ್ಟೆಂಬರಿನಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಪತ್ರಿಕೆ ತಂಡದ ವೈದ್ಯ ಲ್ಯಾರಿ ನಾಸರ್‌ನ ಕೃತ್ಯವನ್ನು ಬಯಲಿಗೆಳೆಯಿತು. ಚಿಕಿತ್ಸೆಯ ಹೆಸರಿನಲ್ಲಿ ಎರಡು ದಶಕ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದವನು ಅವನು. ಸಂಸ್ಥೆಗೆ 2015ರ ಬೇಸಿಗೆಯಲ್ಲೇ ದೂರು ಗೊತ್ತಿತ್ತು. ಜನಕ್ಕೆ ಹೇಳಲಿಲ್ಲ. ಹುಡುಗಿಯರು ದೀಪದ ಕೆಳಗೆ ನಗುತ್ತಾ ಆಡುತ್ತಿದ್ದರು. ಆ ನಗುವನ್ನೂ ಒಪ್ಪಿಗೆ ಅಂತಲೇ ಬರೆದುಕೊಂಡಿರಬೇಕು.

2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳು ಏಳು ದಿನ ಕೇಳಿಬಂದವು. ನಾಸರ್‌ಗೆ 40ರಿಂದ 175 ವರ್ಷ ಶಿಕ್ಷೆಯಾಯಿತು. ತನ್ನ ಮೇಲೂ ಅದು ನಡೆದಿದೆ ಅಂತ ಬೈಲ್ಸ್ ಹೇಳಿದ್ದು ಅದೇ ತಿಂಗಳು.

ಆಮೇಲೆ 2021ರ ಜುಲೈ 27, ಟೋಕಿಯೊ. ತಂಡದ ಫೈನಲ್. ವಾಲ್ಟ್ ಮೇಲಿಂದ ಹಾರಿದವಳು ಎರಡೂವರೆ ಸುತ್ತು ಸುತ್ತಬೇಕಿತ್ತು, ಒಂದೂವರೆಗೇ ಇಳಿದಳು. ಗಾಳಿಯಲ್ಲಿ ನೆಲ ಯಾವುದು ಆಕಾಶ ಯಾವುದು ತಿಳಿಯದ ಸ್ಥಿತಿ. ತಲೆಕೆಳಗಾಗಿ ಬಿದ್ದರೆ ಕತ್ತು ಮುರಿಯುತ್ತೆ. ಅವಳು “ಆಡಲ್ಲ” ಅಂದಳು. ದೇಶ, ಧ್ವಜ, ಟಿ.ವಿ. ಕಂಪನಿ ಎಲ್ಲ ತೀರ್ಥ ಚಿಮುಕಿಸಿ ಕಾಯುತ್ತಿದ್ದವು. ಆಡು ಮೈ ಕೊಡವಲಿಲ್ಲ. ಹೇಡಿ ಅಂದರು, ದೇಶಕ್ಕೆ ದ್ರೋಹ ಅಂದರು. ನಮಗೆ ಈ ಬೈಗುಳ ಹೊಸದಲ್ಲ. ಹೆಣ ಹೊರಲ್ಲ, ತಮಟೆ ಬಡಿಯಲ್ಲ ಅಂತ ನಮ್ಮವರು ಅಂದಾಗಲೂ ಊರು ಇದೇ ದನಿಯಲ್ಲಿ ಬೈದಿದೆ.

ಈಗ ದಿನಾಂಕ ನೋಡಿ. 2021ರ ಸೆಪ್ಟೆಂಬರ್ 15ರಂದು ಬೈಲ್ಸ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ನಾಸರ್ ಒಬ್ಬನನ್ನಲ್ಲ, ಅವನಿಗೆ ದಾರಿ ಬಿಟ್ಟುಕೊಟ್ಟ ಇಡೀ ವ್ಯವಸ್ಥೆಯನ್ನು ದೂರಿದಳು. ಕಣ್ಣೀರು ಹಾಕಿಕೊಂಡೇ ದೂರಿದಳು. ಅದಾದ ಆರನೇ ದಿನಕ್ಕೆ ಟೂಸಾನ್‌ನಲ್ಲಿ ಆಟ ಶುರು. ಈ ಸಲ ತಿರುಗಾಟ ಸಂಸ್ಥೆಯದಲ್ಲ, ಅವಳದು. ಅವ್ವನ ಪ್ರಶ್ನೆಗೆ ಮೊದಲ ಉತ್ತರ ಇದು: ತಟ್ಟೆ ಆಡುವವಳ ಕೈಗೆ ಬಂತು. ಈ ಆಟದ ದೊಡ್ಡ ಪಲ್ಟಿ ಇದೇ. ನೆಲದ ಮೇಲೆ ಹೊಡೆದ ಪಲ್ಟಿಗಳೆಲ್ಲ ಇದಕ್ಕಿಂತ ಚಿಕ್ಕವು.

ಎರಡನೆಯದು, ಇಲ್ಲಿ ತೀರ್ಪುಗಾರರ ಮೇಜು ಇಲ್ಲ. ಸ್ಪರ್ಧೆಯಲ್ಲಿ ಹೇಗೆ ಗೊತ್ತಾ? ಕಸರತ್ತಿನ ಕಷ್ಟಕ್ಕೆ ಒಂದು ಲೆಕ್ಕ. ಮಾಡಿದ ಅಚ್ಚುಕಟ್ಟಿಗೆ ಹತ್ತರಿಂದ ಶುರುಮಾಡಿ ಕಳೆಯುತ್ತಾ ಹೋಗುವ ಇನ್ನೊಂದು ಲೆಕ್ಕ. ಮೊಣಕಾಲು ಮಡಿಸಿದರೆ ಕಳೆ, ಹೆಜ್ಜೆ ಜಾರಿದರೆ ಕಳೆ, ಬಿದ್ದರೆ ಪೂರಾ ಒಂದು ಅಂಕ ಕಳೆ. ತಪ್ಪು ಹುಡುಕುವುದೇ ಆ ಕಣ್ಣಿನ ಕೆಲಸ. ಇಂಟರ್‌ವ್ಯೂ ಕೋಣೆಗಳಲ್ಲಿ ನಮ್ಮ ಉಚ್ಚಾರಣೆ ಮೇಲೆ, ‘ಹ’ಕಾರ ‘ಅ’ಕಾರದ ಮೇಲೆ ನೆಟ್ಟಿರುತ್ತಲ್ಲ, ಅದೇ ಕಣ್ಣು. 2019ರಲ್ಲಿ ಬೈಲ್ಸ್ ತೊಲೆಯ ಮೇಲಿಂದ ಎರಡು ತಿರುವಿನ ಎರಡು ಪಲ್ಟಿ ಹೊಡೆದು ಇಳಿದಾಗ ಅಂತರರಾಷ್ಟ್ರೀಯ ಸಂಸ್ಥೆ ಅದಕ್ಕೆ ಅವಳು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಬೆಲೆ ಕಟ್ಟಿತು. ಬೇರೆಯವರು ಅನುಕರಿಸಿ ಪೆಟ್ಟು ಮಾಡಿಕೊಂಡಾರು ಅನ್ನುವುದೂ ಅವರು ಕೊಟ್ಟ ಕಾರಣ. ನೀನು ತುಂಬಾ ಎತ್ತರ ಹಾರುತ್ತೀ, ಆದ್ದರಿಂದ ಅಂಕ ಕಡಿಮೆ! 2024ರ ಆಗಸ್ಟ್‌ನಲ್ಲಿ ಜೋರ್ಡನ್ ಚೈಲ್ಸ್ ಎಂಬ ಇನ್ನೊಬ್ಬ ಕಪ್ಪು ಹುಡುಗಿಯ ಕಂಚಿನ ಪದಕದ ವಿರುದ್ಧ ತೀರ್ಪು ಬಂತು. ಅಂಕದ ಬಗ್ಗೆ ಅವಳ ಕೋಚ್ ಸಲ್ಲಿಸಿದ ತಕರಾರು ಒಂದು ನಿಮಿಷದ ಗಡುವಿಗೆ ನಾಲ್ಕು ಸೆಕೆಂಡು ತಡವಾಯಿತಂತೆ. ಗಡಿಯಾರ ನೋಡಬೇಕಾದವರು ಮೇಜಿನ ಹಿಂದಿದ್ದರು. ನೊಂದವರು ಇಬ್ಬರು ಹುಡುಗಿಯರು. ಇತ್ತ ಚೈಲ್ಸ್, ಅತ್ತ ಪದಕಕ್ಕಾಗಿ ಕಾದ ರೊಮೇನಿಯದವಳು. ವ್ಯಾಜ್ಯ ಆಮೇಲೂ ನಿಲ್ಲಲಿಲ್ಲ. ಆದರೆ ಮುಂದಿನ ತಿಂಗಳು ಚೈಲ್ಸ್ ಬೈಲ್ಸ್ ಜೊತೆ ತಿರುಗಾಟ ಹೊರಟಳು. ಮೇಜಿಲ್ಲ, ಗಡಿಯಾರವಿಲ್ಲ.

ಆ ಬಿಡುಗಡೆ ಮೈಯಲ್ಲಿ ಕಾಣುತ್ತೆ. 2021ರ ತಂಡದಲ್ಲಿ ಕ್ಯಾಟ್ಲಿನ್ ಒಹಾಶಿ ಇದ್ದಳು. ದಪ್ಪಗಿದ್ದೀ ಅನ್ನಿಸಿಕೊಂಡು, ಬೆನ್ನು ಮುರಿದುಕೊಂಡು ದೊಡ್ಡ ಸ್ಪರ್ಧೆಗಳಿಂದ ದೂರ ಸರಿದು, 2019ರಲ್ಲಿ ಕಾಲೇಜು ತಂಡಕ್ಕೆ ಆಡಿ ಹತ್ತಕ್ಕೆ ಹತ್ತು ಪಡೆದವಳು. ನಿಯಾ ಡೆನ್ನಿಸ್ ಇದ್ದಳು. 2021ರ ಜನವರಿಯಲ್ಲಿ ಕಪ್ಪು ಜನರ ಹಾಡಿಗೆ ಆಡುತ್ತಾ ಒಂದು ಮೊಣಕಾಲೂರಿ ಮುಷ್ಟಿ ಎತ್ತಿದವಳು. ಇವರೆಲ್ಲ ಒಟ್ಟಿಗೆ ಕುಣಿಯುವಾಗ ಒಬ್ಬಳು ಇನ್ನೊಬ್ಬಳನ್ನು ಸೋಲಿಸಬೇಕಾಗಿಲ್ಲ. ನಗು ಹಲ್ಲಿನಿಂದ ಅಲ್ಲ, ಹೊಟ್ಟೆಯಿಂದ ಬರುತ್ತೆ. ಅಂಕ ಕೊಡುವವನಿಲ್ಲದಿದ್ದಾಗ ಕಲೆ ಕೆಡುತ್ತೆ ಅಂತ ನಮ್ಮ ವಿದ್ವಾಂಸರು ಹೆದರಿಸುತ್ತಾರೆ. ಕೆಡಲಿಲ್ಲ. ಉಸಿರಾಡಿತು.

ಇಷ್ಟು ಹೇಳಿದ ಮೇಲೆ ಜಗಳವನ್ನೂ ಆಡಬೇಕು. ಇಲ್ಲದಿದ್ರೆ ಇದು ವಿಮರ್ಶೆ ಅಲ್ಲ, ಬಹುಪರಾಕು.

2021ರ ಆಟಕ್ಕೆ ಅಥ್ಲೀಟಾ ಎಂಬ ಬಟ್ಟೆ ಕಂಪನಿಯ ಬೆಂಬಲ. ಜಾಹೀರಾತಿನಲ್ಲಿ ಬೈಲ್ಸ್ ಹೆಸರಿಗಿಂತ ಮೊದಲು ಕಂಪನಿಯ ಹೆಸರು. ಅಂದರೆ ತಟ್ಟೆ ಅವಳ ಕೈಲಿದ್ದರೂ ತಟ್ಟೆಯ ಅಂಚಿಗೆ ಇನ್ನೊಬ್ಬರ ಬೆರಳಿದೆ. ಸಂಸ್ಥೆ ಹೋಯಿತು, ಬಂಡವಾಳ ಬಂತು. ಇನ್ನೊಂದು, ನಾನು ನೋಡಿದ ತುಣುಕುಗಳಲ್ಲಿ ನೋವು ಬರೀ ಬೆಳಕಾಗಿಬಿಟ್ಟಿದೆ. ಬಿದ್ದೆ, ಎದ್ದೆ, ನಿನ್ನನ್ನು ನೀನು ನಂಬು ಅನ್ನುವಂಥ ಭಾವ. ಬೀಳಿಸಿದವನು ಯಾರು? ಸೆನೆಟ್‌ನಲ್ಲಿ ಹೆಸರು ಹಿಡಿದು ಕೂಗಿದ ಬಾಯಿ ದೀಪದ ಕೆಳಗೆ ಬಂದಾಗ ಹಾಡಿಗೆ ತಲೆದೂಗುತ್ತೆ. ಟಿಕೆಟ್ ಕೊಂಡು ಮಗಳನ್ನು ಕರೆತಂದ ತಾಯಿಗೆ ಹುರುಪು ಬೇಕು ನಿಜ. ಆದರೆ ನಾಳೆ ಆ ಮಗು ತಾಲೀಮಿಗೆ ಹೋಗುವ ಕೋಣೆಯ ಬಾಗಿಲು ಒಳಗಿಂದ ಚಿಲಕ ಹಾಕಿದ್ದರೆ, ಹುರುಪೊಂದೇ ಏನು ಮಾಡೀತು?

ಈ ಕಲ್ಲನ್ನು ಅಲ್ಲಿಗೆ ಎಸೆದು ಸುಮ್ಮನಿರಲಾರೆ. ಕವಿಗೋಷ್ಠಿಗಳಲ್ಲಿ ನಾನೂ ಹೀಗೇ ಆಡಿದ್ದೇನೆ. ಅಪ್ಪನ ಹರಿದ ಚಪ್ಪಲಿ, ಅವ್ವನ ಹಸಿವು ಎಲ್ಲವನ್ನೂ ಮೈಕಿನ ಮುಂದೆ ಪಲ್ಟಿ ಹೊಡೆಸಿದ್ದೇನೆ. ಚಪ್ಪಾಳೆ ಬಿದ್ದಿದೆ. ಆದರೆ ಅಪ್ಪನನ್ನು ಜೀತಕ್ಕಿಟ್ಟುಕೊಂಡವನ ಹೆಸರು ಒಂದು ಪದ್ಯದಲ್ಲೂ ಇಲ್ಲ. ‘ವ್ಯವಸ್ಥೆ’ ಅಂತ ಬರೆದಿದ್ದೇನೆ. ‘ವ್ಯವಸ್ಥೆ’ ಅಂದರೆ ಯಾರೂ ಎದ್ದು ಹೊಡೆಯೋದಿಲ್ಲ ನೋಡಿ. ಮೊದಲ ಸಾಲಿನಲ್ಲಿ ಕೂತವನೂ ಚಪ್ಪಾಳೆ ತಟ್ಟುತ್ತಾನೆ.

ಇನ್ನು ಅವ್ವ ಹೋಲಿಸಿದ ಡೊಂಬರ ಹುಡುಗಿಯ ಮಾತು. ಕರ್ನಾಟಕದಲ್ಲಿ ಡೊಂಬರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಎರಡು ಕಡೆ ಗಳು ಕಟ್ಟಿ ಎಳೆದ ಹಗ್ಗದ ಮೇಲೆ ಬರಿಗಾಲಲ್ಲಿ ನಡೆಯೋದು ಅವರ ವಿದ್ಯೆ. ಕೆಳಗೆ ಹಾಸಿಲ್ಲ, ವೈದ್ಯನಿಲ್ಲ. ಬೈಲ್ಸ್ ನಡೆವ ತೊಲೆ ಹತ್ತು ಸೆಂಟಿಮೀಟರ್ ಅಗಲ, ನಮ್ಮ ಹುಡುಗಿಯ ಹಗ್ಗ ಹೆಬ್ಬೆರಳಿನಷ್ಟು. ಆದರೂ ನಮ್ಮ ಭಾಷೆ ಆ ವಿದ್ಯೆಗೆ ಕೊಟ್ಟ ಮರ್ಯಾದೆ ಏನು? ಶಾಸಕರು ಪಕ್ಷ ಬಿಟ್ಟು ಪಕ್ಷ ಹಾರಿದರೆ ಪತ್ರಿಕೆಗಳು ‘ರಾಜಕೀಯ ದೊಂಬರಾಟ’ ಅಂತ ತಲೆಬರಹ ಕೊಡುತ್ತವೆ. ಹಗ್ಗದ ಮೇಲೆ ಪ್ರಾಣ ಇಟ್ಟು ದುಡಿದು ತಿನ್ನುವವರ ಹೆಸರು, ದುಡಿಯದೆ ತಿನ್ನುವವರಿಗೆ ಬೈಗುಳ! ಕನ್ನಡದ ವಿಮರ್ಶಕರು ಇದನ್ನು ಒಂದು ದಿನವಾದರೂ ಔಚಿತ್ಯಭಂಗ ಅಂದಿದ್ದಾರಾ?

ಅವ್ವನಿಗೆ ಹೇಳಿದೆ: “ಈ ಆಟದಲ್ಲಿ ತಟ್ಟೆ ಅವಳೇ ಹಿಡ್ಕಂಡಿದ್ದಾಳವ್ವ. ಆಟಕ್ಕೆ ಅವಳದೇ ಹೆಸರು.” ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋದ ಸಲ ಜಾತ್ರೇಲಿ ಆಡಿದ್ಳಲ್ಲ ಆ ಕೂಸು, ಅದ್ರ ಹೆಸ್ರೇನ್ಲಾ?” ಅಂದಳು.

ನಾನು ಆ ದಿನ ಐದು ರೂಪಾಯಿ ಹಾಕಿ ಮುಂದೆ ಹೋಗಿದ್ದೆ. ಹೆಸರು ಕೇಳಿರಲಿಲ್ಲ.