ಸಂತೆಯೊಳಗಿನ ಏಕಾಂತ

ಲೋಕಾಪುರದ ಯಾವುದೇ ಚಹಾದಂಗಡಿಯಲ್ಲಿ ಬೆಳಗಿನ ಹೊತ್ತು ಅರ್ಧ ತಾಸು ಕೂತು ನೋಡಿ. ಕಪ್ಪಿನ ಚಹಾ ಆರುವುದರೊಳಗೆ ಕಬ್ಬಿನ ದರ, ಮಂತ್ರಿಯ ಹೇಳಿಕೆ, ದೂರದ ಯುದ್ಧ, ಗುರುತಿಲ್ಲದವರ ಅಪಘಾತ, ಯಾರೋ ಯಾರನ್ನೋ ಬೈದ ವಿಡಿಯೊ, ಎಲ್ಲವೂ ಅಂಗೈಯಲ್ಲಿ ಹಾದುಹೋಗುತ್ತವೆ. ನೋಡಿದವರು ನಿಟ್ಟುಸಿರುಬಿಟ್ಟು ಅದನ್ನೇ ಮತ್ತೊಬ್ಬರಿಗೆ ದಾಟಿಸುತ್ತಾರೆ. ‘ತಲಿ ಚಿಟ್ಟ ಹಿಡದೈತ್ರಿ’ ಅನ್ನುತ್ತಾರೆ. ಮೊಬೈಲು ಮಾತ್ರ ಕೆಳಗಿಡುವುದಿಲ್ಲ. ನಾವೂ ಇಡುವುದಿಲ್ಲ.

ಈ ದಣಿವಿಗೆ ಮದ್ದು ಹೇಳುವ ಪುಸ್ತಕಗಳು, ಭಾಷಣಗಳು, ಶಿಬಿರಗಳು ಕನ್ನಡದಲ್ಲೀಗ ಸಾಕಷ್ಟಿವೆ. ಸುದ್ದಿ ನೋಡುವುದನ್ನು ಬಿಡಿ, ಮುಂಜಾನೆ ಕಣ್ಣು ಮುಚ್ಚಿ ಕೂರಿ, ಉಸಿರನ್ನು ಗಮನಿಸಿ ಎಂದು ಅವು ಹೇಳುತ್ತವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಶಾಂತಿಯಲ್ಲಿ ನೆರೆಯವನಿಗೆ ಜಾಗ ಎಲ್ಲಿದೆ ಎಂಬುದು ನಮ್ಮ ಪ್ರಶ್ನೆ. ನನ್ನ ನಿದ್ದೆ, ನನ್ನ ರಕ್ತದೊತ್ತಡ, ನನ್ನ ಯಶಸ್ಸು, ಇಷ್ಟಕ್ಕೇ ಅದು ಮುಗಿಯುತ್ತದೆ. ಬೀದಿಯ ಗದ್ದಲಕ್ಕೆ ನಾನೂ ದನಿ ಸೇರಿಸಿದ್ದೇನೆಯೇ ಎಂದು ಈ ಪುಸ್ತಕಗಳು ಓದುಗನನ್ನು ಕೇಳುವುದಿಲ್ಲ.

ಇದೇ ಸೀಮೆಯ ಒಬ್ಬರು ಈ ವಿಷಯವನ್ನು ಇನ್ನೂ ಗಂಭೀರವಾಗಿ ನೋಡಿದ್ದರು. ಲೋಕಾಪುರದಿಂದ ಮುಧೋಳ ದಾಟಿದರೆ ಸಿಗುವ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಅಲ್ಲಿಯ ಕುಲಪತಿಯೂ ಆದವರು. ಆದರೂ ಉಮದಿಯ ಭಾವೂಸಾಹೇಬ ಮಹಾರಾಜರಿಂದ ಪಡೆದ ನಾಮಸ್ಮರಣೆಯನ್ನು 1957ರಲ್ಲಿ ನಿಂಬಾಳದಲ್ಲಿ ಕಣ್ಣುಮುಚ್ಚುವವರೆಗೂ ಬಿಡಲಿಲ್ಲ. ಮಹಾರಾಷ್ಟ್ರದ ಸಂತರ ಕುರಿತ 1933ರ ಗ್ರಂಥದಲ್ಲಿ ಅವರು ಎಲ್ಲ ದೇಶ, ಎಲ್ಲ ಕಾಲದ ಅನುಭಾವಿಗಳನ್ನು ಒಂದೇ ಸಮಾಜದವರೆಂದು ಕಂಡರು. ಮುಂದೆ ಹಿಂದಿ ಸಂತರ ದಾರಿಯನ್ನು ವಿವರಿಸುವಾಗ, ಅನುಭವದ ಶಿಖರಕ್ಕೆ ಏರುವ ಮೊದಲು ನೈತಿಕ ಸಿದ್ಧತೆ ಎಂಬ ಮೆಟ್ಟಿಲನ್ನಿಟ್ಟರು. ಇಂದಿನ ಶಿಬಿರಗಳು ಹಾರಿ ದಾಟುವುದು ಈ ಮೆಟ್ಟಿಲನ್ನೇ.

ಆದರೂ ರಾನಡೆಯವರ ಬಗ್ಗೆ ನಮಗೊಂದು ತಕರಾರಿದೆ. ಸಂತರು ಕಂಡ ಬೆಳಕನ್ನು, ಕೇಳಿದ ನಾದವನ್ನು ಅವರು ಶ್ರದ್ಧೆಯಿಂದ ವಿಂಗಡಿಸುತ್ತಾರೆ. ಆ ಸಂತರು ನಿಂತಿದ್ದ ಬಜಾರು ಮಾತ್ರ ಬಹುಪಾಲು ಹಿನ್ನೆಲೆಗೆ ಸರಿಯುತ್ತದೆ.

ಬಜಾರಿನ ಮಾತನ್ನು ನೇರವಾಗಿ ಎತ್ತಿಕೊಂಡವರು ನಕ್ಷಬಂದಿ ಸೂಫಿಗಳು. ಬುಖಾರಾ ಸೀಮೆಯ ಖ್ವಾಜಾ ಅಬ್ದುಲ್ ಖಾಲಿಕ್ ಘಿಜ್ದುವಾನಿ ಅವರ ಹೆಸರಿನಲ್ಲಿ ಬಂದಿರುವ ಎಂಟು ಸೂತ್ರಗಳಲ್ಲಿ ಒಂದು ‘ಖಲ್ವತ್ ದರ್ ಅಂಜುಮನ್’, ಅಂದರೆ ಜನರ ನಡುವಿನ ಏಕಾಂತ. ಕೈ ವ್ಯಾಪಾರದಲ್ಲಿರಲಿ, ಒಳಗೆ ದೇವರ ನೆನಪಿರಲಿ ಎಂಬುದು ಇದರ ಆಶಯ. ಇನ್ನೊಂದು ಸೂತ್ರ ‘ನಜರ್ ಬರ್ ಕದಮ್’, ಕಣ್ಣು ಹೆಜ್ಜೆಯ ಮೇಲಿರಲಿ ಎಂಬುದು. ಊರು ಬಿಟ್ಟು ಹೋಗುವುದಕ್ಕಿಂತ ಕಷ್ಟದ ಸಾಧನೆ ಇದು. ಸಂತೆಯಲ್ಲೇ ಇರಬೇಕು, ಸಂತೆಯ ಮಾತು ಕಿವಿಗೆ ಬೀಳುತ್ತಲೇ ಇರಬೇಕು, ಆದರೆ ಬಿದ್ದದ್ದೆಲ್ಲ ಬಾಯಿಂದ ಹೊರಡಬಾರದು.

ಹೊರಟರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಆ ಗೆಳೆಯರ ಅಪರಾಧವಾಯಿತು. ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತ್ತು. ಅಂದು ಸೇರಿದ್ದವರೆಲ್ಲ ಹುಟ್ಟಾ ಕ್ರೂರಿಗಳೆಂದು ನಾವು ನಂಬುವುದಿಲ್ಲ. ಮಕ್ಕಳ ಬಗ್ಗೆ ಭಯಗೊಂಡ ಹಳ್ಳಿಯವರೂ ಅಲ್ಲಿದ್ದರು. ಕೇಳುವುದಕ್ಕೂ ನಂಬುವುದಕ್ಕೂ ನಡುವೆ ಇರಬೇಕಿದ್ದ ಒಂದು ಕ್ಷಣ ಅವರ ಬಳಿ ಇರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ದಾಟಿಸುವ ಮಿತಿ ತಂದಿತು. ಮನಸ್ಸು ಹಾಕಿಕೊಳ್ಳಬೇಕಿದ್ದ ಕಡಿವಾಣವನ್ನು ಯಂತ್ರ ಹಾಕಬೇಕಾಯಿತು.

ವದಂತಿಗೆ ಬಲಿಯಾಗುವ ಸಮುದಾಯದವರು ನಾವು, ನಿಜ. 2020ರ ಕೊರೊನಾ ದಿನಗಳಲ್ಲಿ ಹಣ್ಣು, ತರಕಾರಿ ಮಾರುವ ಬಡ ಮುಸ್ಲಿಮರ ಮೇಲೆ ಹಬ್ಬಿದ ಸುಳ್ಳುಗಳು ನೆನಪಿವೆ. ಆದರೆ ನಮ್ಮ ಮೊಹಲ್ಲಾದ ಗುಂಪುಗಳೇನು ಶುದ್ಧವೇ? 2017ರ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನದಲ್ಲಿ ಹರಿದಾಡಿದ ಭಯದ ಸಂದೇಶಗಳನ್ನು ದಾಟಿಸಿದವರಲ್ಲಿ ನಮ್ಮವರೂ ಇದ್ದರು. ಸುದ್ದಿ ಬಂದರೆ ವಿಚಾರಿಸಿ ನೋಡಿ ಎಂದು ಕುರ್‌ಆನಿನ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೂ ಸುಳ್ಳೇ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಇದನ್ನು ಜುಮಾ ಖುತ್ಬಾದಲ್ಲಿ ಕೇಳಿ, ಮಸೀದಿಯ ಮೆಟ್ಟಿಲಿಳಿಯುವಾಗಲೇ ಫಾರ್ವರ್ಡ್ ಒತ್ತುವವರು ನಾವೇ. ರಂಜಾನಿನ ಕೊನೆಯ ಹತ್ತು ದಿನಗಳ ಇತಿಕಾಫಿಗೂ ಮೊಬೈಲು ಜೊತೆಗೇ ಬರುತ್ತದೆ.

ಆದ್ದರಿಂದ ಮನಸ್ಸಿನ ಮೌನವನ್ನು ನಾವು ಆರಾಮದ ಮಾತಾಗಿ ನೋಡಬೇಕಿಲ್ಲ. ಅದು ನೆರೆಯವರಿಗೆ ನಾವು ತೀರಿಸಬೇಕಾದ ಸಾಲ. ಕಣ್ಣು ಮುಚ್ಚಿ ಕೂರಲು ಪುರುಸೊತ್ತಿಲ್ಲದ ಹಮಾಲಿಯೂ, ಮಗ್ಗದ ಸದ್ದಿನಲ್ಲೇ ದಿನ ಕಳೆಯುವ ಬನಹಟ್ಟಿಯ ನೇಕಾರನೂ ಇದನ್ನು ತೀರಿಸಬಲ್ಲರು. ಚಹಾದಂಗಡಿಯಲ್ಲಿ ಮೊಬೈಲು ಕೈಯಿಂದ ಕೈಗೆ ದಾಟುವಾಗ ಯಾರಾದರೊಬ್ಬರು ‘ಇದು ಖರೇನ ಏನ್ರಿ? ಯಾರು ನೋಡ್ಯಾರ?’ ಎಂದು ಕೇಳಿದರೆ ಸಾಕು. ಆ ಬೆಂಚಿನ ಮೇಲೆ ಅಷ್ಟು ಹೊತ್ತು ಮೌನ ಬಂದು ಕೂರುತ್ತದೆ.