ಎರಡನೆಯ ಸಲ ನೋಡಿದ ಕಣಿವೆ

ಇಂಗ್ಲೆಂಡಿನ ಸಾಲ್ಸ್‌ಬರಿ ತಾನೇ ಒಮ್ಮೆ ಮನೆ ಬದಲಿಸಿದ ಊರು. ಈಗಿನ ಊರಿಗೆ ಎರಡು ಮೈಲಿಯಷ್ಟು ದೂರದ ಗುಡ್ಡದ ಮೇಲೆ, ಕೋಟೆಯ ಒಳಗೆ, ಮೊದಲಿನ ಕೆಥೆಡ್ರಲ್ ಇತ್ತು. ಅಲ್ಲಿ ಗಾಳಿ ವಿಪರೀತ, ನೀರಿಗೆ ತತ್ವಾರ, ಸಾಲದ್ದಕ್ಕೆ ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ಜಗಳ. ಬಿಷಪ್ ರಿಚರ್ಡ್ ಪೂರ್ ಇಡೀ ಸಂಸಾರವನ್ನೇ ಕೆಳಗಿನ ಹೊಳೆಯಂಚಿನ ಹುಲ್ಲುಗಾವಲಿಗೆ ಇಳಿಸಿದ. 1220ರಲ್ಲಿ ಹೊಸ ಕೆಥೆಡ್ರಲಿಗೆ ಅಡಿಗಲ್ಲು ಬಿತ್ತು, 1258ರಲ್ಲಿ ಪ್ರತಿಷ್ಠೆಯಾಯಿತು. ಹಳೆಯದನ್ನು ಕೆಡವಿದಾಗ ಸಿಕ್ಕ ಕಲ್ಲುಗಳು ಹೊಸ ಆವರಣದ ಗೋಡೆ ಸೇರಿದವು. 123 ಮೀಟರ್ ಎತ್ತರದ ಚೂಪು ಶಿಖರ ಏರಿದ್ದು ಆಮೇಲೆ. ಬ್ರಿಟನ್ನಿನಲ್ಲಿ ಅದಕ್ಕಿಂತ ಎತ್ತರದ ಚರ್ಚ್ ಶಿಖರ ಇಲ್ಲ. ಸುತ್ತ ಸುಣ್ಣಕಲ್ಲಿನ ಬೋಳುಗುಡ್ಡಗಳು, ಏವನ್ ನದಿಯ ಕಣಿವೆ, ಉತ್ತರಕ್ಕೆ ನಡೆದರೆ ಸ್ಟೋನ್‌ಹೆಂಜ್.

ಈ ಕಣಿವೆಯ ವಿಲ್ಸ್‌ಫರ್ಡ್ ಎಂಬ ಹಳ್ಳಿಗೆ 1970ರ ದಶಕದ ಆರಂಭದಲ್ಲಿ ಲೇಖಕ ವಿ. ಎಸ್. ನೈಪಾಲ್ ಮನೆ ಬದಲಿಸಿದರು. ಸಿರಿವಂತರ ಹಳೆಯ ಬಂಗಲೆಯೊಂದರ ಜಮೀನಿನಲ್ಲಿದ್ದ ಕಾಟೇಜು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದು, ಆ ವಾಸವನ್ನೇ ಕಥೆಯಾಗಿಸಿ 1987ರಲ್ಲಿ 'ದಿ ಎನಿಗ್ಮಾ ಆಫ್ ಅರೈವಲ್' ಪ್ರಕಟಿಸಿದರು. ಐದು ಭಾಗಗಳ ಈ ಪುಸ್ತಕವನ್ನು ಅವರು ಕಾದಂಬರಿ ಎಂದೇ ಕರೆದರು. ಹೆಸರನ್ನು ಚಿತ್ರಕಾರ ಡಿ ಕಿರಿಕೋನ ಒಂದು ಚಿತ್ರದಿಂದ ಎರವಲು ಪಡೆದರು. ಊರು ಬಿಟ್ಟು ಊರಿಗೆ ಬಂದು ನೆಲೆನಿಲ್ಲುವುದರ ಬಗ್ಗೆ ನಾನು ಓದಿರುವ ಪುಸ್ತಕಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಕನ್ನಡದ ಓದುಗನಾಗಿ ನನಗೆ ನೈಪಾಲರ ಮೇಲೆ ಒಂದು ದೊಡ್ಡ ತಕರಾರೂ ಇದೆ. ಆ ತಕರಾರಿಗೆ ಬೇಕಾದ ಪುರಾವೆಯನ್ನು ಕೈಯಾರೆ ಒದಗಿಸುವುದೂ ಇದೇ ಪುಸ್ತಕ.

ನಿರೂಪಕ ಬಂದ ಮೊದಲ ನಾಲ್ಕು ದಿನ ಮಳೆ. ತಾನೆಲ್ಲಿ ಇದ್ದೇನೆಂಬುದೇ ಅವನಿಗೆ ಕಾಣುವುದಿಲ್ಲ. ಆದರೆ ಸಾಲ್ಸ್‌ಬರಿ ಅವನಿಗೆ ಹೊಸದಲ್ಲ. ಟ್ರಿನಿಡಾಡಿನಲ್ಲಿ ಮೂರನೆಯ ತರಗತಿಯ ಪಠ್ಯದಲ್ಲಿ ಚಿತ್ರಕಾರ ಕಾನ್‌ಸ್ಟೇಬಲ್ ಬರೆದ ಸಾಲ್ಸ್‌ಬರಿ ಕೆಥೆಡ್ರಲಿನ ಬಣ್ಣದ ಚಿತ್ರವಿತ್ತು. ಹತ್ತು ತುಂಬದ ಹುಡುಗನಿಗೆ ಅಷ್ಟು ಚೆಂದದ ಚಿತ್ರ ಬೇರೆ ಯಾವುದೂ ಇರಲಿಲ್ಲ. ಸಕ್ಕರೆ ತೋಟಗಳ ದ್ವೀಪದಲ್ಲಿ, ಕೂಲಿ ಕರಾರಿನ ಮೇಲೆ ಹಡಗು ಹತ್ತಿ ಬಂದ ಉತ್ತರ ಭಾರತದವರ ಮೊಮ್ಮಗ, ನೋಡದ ದೇಶದ ನೋಡದ ದೇಗುಲವನ್ನು ಕಣ್ಣು ತುಂಬಿಸಿಕೊಂಡಿದ್ದ. ವಸಾಹತಿನ ಶಾಲೆ ಮಾಡಿದ ಕೆಲಸ ಅದು: ಮನೆಯ ಹಿಂದಿನ ಗದ್ದೆಗಿಂತ ಮೊದಲು ದೂರದ ಶಿಖರ ಪರಿಚಯವಾಗುತ್ತದೆ. ಅಂಥವನು ಆ ಊರಿಗೇ ವಾಸಕ್ಕೆ ಬಂದಾಗ ಕಣ್ಣು ಮೊದಲು ನೋಡುವುದು ಪಠ್ಯದ ಚಿತ್ರವನ್ನೇ. ಅದು ಕರಗಿ ಎದುರಿನ ಊರು ಕಾಣಲು ಎಷ್ಟು ವರ್ಷ ಹಿಡಿಯಿತೆಂಬುದೇ ಈ ಪುಸ್ತಕದ ಕಥೆ.

ಮೊದಲ ಭಾಗ 'ಜಾಕ್‌ನ ತೋಟ' ಈ ಕಾರಣಕ್ಕೇ ಅದ್ಭುತ. ದಿನವೂ ಅದೇ ದಾರಿಯಲ್ಲಿ ನಿರೂಪಕ ನಡೆಯುತ್ತಾನೆ. ದಾರಿಯಲ್ಲಿ ಪಾಳುಬಿದ್ದ ಕೊಟ್ಟಿಗೆಗಳು, ತುಕ್ಕು ಹಿಡಿದ ಯಂತ್ರಗಳು, ಕೆಸರು. ಅದರ ನಡುವೆ ಒಂದು ಸಾಲು ಮನೆ, ಒಂದು ತೋಟ, ಬೇಸಿಗೆಯಲ್ಲಿ ಬರಿಮೈಯಲ್ಲಿ ನೆಲ ಅಗೆಯುವ ಜಾಕ್. ನಿರೂಪಕನಿಗೆ ಅವನು ಆ ನೆಲದಲ್ಲೇ ಹುಟ್ಟಿದ, ತಲೆತಲಾಂತರದ ಹಳ್ಳಿಗನಂತೆ ಕಾಣುತ್ತಾನೆ. ಕಾಲಕಳೆದಂತೆ ಗೊತ್ತಾಗುತ್ತದೆ: ಜಾಕ್ ಕೂಡ ಬೇರೆ ಕಡೆಯಿಂದ ಬಂದವನು. ತೋಟ ಪರಂಪರೆಯಿಂದ ಬಂದದ್ದಲ್ಲ. ಹಾಳು ಬಿದ್ದ ಜಾಗದಲ್ಲಿ ಒಬ್ಬ ಮನುಷ್ಯ ಹಟ ಹಿಡಿದು ಎಬ್ಬಿಸಿದ್ದು. ಅವನ ಮಾವ, ಬೆನ್ನು ಬಾಗಿದ ಮುದುಕ, ತಾನು ದಾಟುವ ಕಡೆಗಳಲ್ಲಿ ಮುಳ್ಳುತಂತಿಗೆ ಪ್ಲಾಸ್ಟಿಕ್ ಚೀಲ ಸುತ್ತಿಟ್ಟಿದ್ದ. ಮುದುಕ ಸತ್ತ ಮೇಲೂ ಚೀಲಗಳು ತಂತಿಯಲ್ಲೇ ಇವೆ. ನೈಪಾಲ್ ಇಂಥದ್ದನ್ನು ಒಮ್ಮೆ ಹೇಳಿ ಮುಂದೆ ಹೋಗುವುದಿಲ್ಲ. ಹತ್ತು ಪುಟ ಬಿಟ್ಟು ಮತ್ತೆ ಅಲ್ಲಿಗೇ ಬರುತ್ತಾರೆ, ಇನ್ನೊಂದು ಋತುವಿನಲ್ಲಿ ನೋಡುತ್ತಾರೆ, ಹಿಂದೆ ಬರೆದದ್ದನ್ನು ತಿದ್ದುತ್ತಾರೆ. ಹೇಳಿದ್ದನ್ನೇ ಹೇಳುತ್ತಾರೆಂದು ಹಲವರು ಪುಸ್ತಕವನ್ನು ಅರ್ಧಕ್ಕೇ ಕೆಳಗಿಟ್ಟಿದ್ದಾರೆ. ನನಗೆ ಆ ಮರುಕಳಿಕೆಯೇ ಇದರ ಪ್ರಾಣ. ಹೊಸ ಊರನ್ನು ಯಾರೂ ಒಂದೇ ಸಲಕ್ಕೆ ಅರಿತುಕೊಳ್ಳುವುದಿಲ್ಲ. ತಪ್ಪಾಗಿ ನೋಡಿ, ತಿದ್ದಿಕೊಂಡು, ಮತ್ತೆ ನೋಡಿ ಅರಿಯುತ್ತಾರೆ. ಆ ಗತಿಯನ್ನು ವಾಕ್ಯಗಳ ನಡಿಗೆಯಲ್ಲೇ ಹಿಡಿದಿರುವುದು ಸಣ್ಣ ಸಾಧನೆಯಲ್ಲ.

ಜಾಕ್ ಕಾಯಿಲೆ ಬಿದ್ದು, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹಾಸಿಗೆಯಿಂದೆದ್ದು, ಕಾರು ಓಡಿಸಿಕೊಂಡು ಪಬ್ಬಿಗೆ ಹೋಗಿ ಗೆಳೆಯರ ಜೊತೆ ಕೊನೆಯ ಸಲ ಕುಡಿದು ಬರುತ್ತಾನೆ. ಅವನು ಸತ್ತ ಮೇಲೆ ತೋಟ ಕೆಡುತ್ತದೆ, ಕೊನೆಗೆ ಅದರ ಮೇಲೆ ಕಾಂಕ್ರೀಟ್ ಬೀಳುತ್ತದೆ. ಈ ಪುಟಗಳಲ್ಲಿ ನೈಪಾಲ್ ಅಳುವುದಿಲ್ಲ, ಅಳಿಸುವುದೂ ಇಲ್ಲ. ಮೊದಲು ಎಲ್ಲದರಲ್ಲೂ ಅವನತಿಯನ್ನೇ ಕಾಣುತ್ತಿದ್ದ ಕಣ್ಣು ನಿಧಾನವಾಗಿ ಬರಿಯ ಬದಲಾವಣೆಯನ್ನು ಕಾಣಲು ಕಲಿಯುತ್ತದೆ.

ಬಂಗಲೆಯ ಯಜಮಾನನ ಭಾಗವೂ ಅಷ್ಟೇ ಗಟ್ಟಿ. ನಿಜ ಜೀವನದಲ್ಲಿ ಆ ಯಜಮಾನ ಸ್ಟೀಫನ್ ಟೆನೆಂಟ್. ಪುಸ್ತಕದಲ್ಲಿ ಅವನಿಗೆ ಹೆಸರಿಲ್ಲ. ಖಿನ್ನತೆಯಿಂದ ಮನೆಯೊಳಗೇ ಉಳಿದ ಅವನನ್ನು ಬಾಡಿಗೆದಾರ ಕಣ್ಣಾರೆ ಕಂಡದ್ದೇ ಅಪರೂಪ. ಯಜಮಾನನಿಗೆ ಐವಿ ಬಳ್ಳಿ ಇಷ್ಟ, ಕತ್ತರಿಸಲು ಬಿಡುವುದಿಲ್ಲ, ಬಳ್ಳಿ ಹಬ್ಬಿದ ಮರಗಳು ಒಂದೊಂದಾಗಿ ಉರುಳುತ್ತವೆ. ಕೃಷ್ಣ, ಶಿವರ ಮೇಲೆ ತಾನು ಬರೆದ ಪದ್ಯಗಳನ್ನು ಅವನು ಕಾಟೇಜಿನ ಬಾಡಿಗೆದಾರನಿಗೆ ಕಳಿಸಿಕೊಡುತ್ತಾನೆ. ಒಬ್ಬ ಸಾಮ್ರಾಜ್ಯದ ಸಂಪತ್ತಿನ ತುದಿಯಲ್ಲಿ ಕೂತವನು, ಇನ್ನೊಬ್ಬ ಅದೇ ಸಾಮ್ರಾಜ್ಯ ಸಾಗಿಸಿದ ಕೂಲಿಗಳ ಕುಡಿ. ಇಬ್ಬರೂ ಒಂದೇ ಹುಲ್ಲುಹಾಸಿನ ಎರಡು ಬದಿಗೆ ಬಂದು ನಿಂತಿದ್ದಾರೆ. ಈ ಬಂಗಲೆ ವೈಭವದಲ್ಲಿದ್ದ ದಿನಗಳಲ್ಲಿ ಇಲ್ಲಿ ತನಗೆ ಜಾಗವೇ ಇರುತ್ತಿರಲಿಲ್ಲ ಎಂದು ನಿರೂಪಕ ಕಂಡುಕೊಳ್ಳುವ ಗಳಿಗೆಯಲ್ಲಿ ಪುಸ್ತಕ ಅತ್ಯಂತ ಪ್ರಾಮಾಣಿಕವಾಗಿದೆ. ಹಳೆಯ ಚೆಲುವಿನ ಊರುಗಳಿಗೆ ವಾಸಕ್ಕೆ ಹೋಗುವವರು ಸಾಮಾನ್ಯವಾಗಿ ಆ ಚೆಲುವು ಹಾಗೇ ಇರಲಿ ಎಂದು ಬಯಸುತ್ತಾರೆ. ಅದು ಮಾಸಿದ್ದರಿಂದಲೇ ತಮಗೆ ಬಾಗಿಲು ತೆರೆಯಿತೆಂದು ಒಪ್ಪಿಕೊಳ್ಳುವವರು ಕಡಿಮೆ.

ಎದುರು ದಿಕ್ಕಿನಲ್ಲಿ ಮನೆ ಬದಲಿಸುವವರೂ ಇಲ್ಲಿದ್ದಾರೆ. ಬಂಗಲೆಯ ಮಾಲಿ ಪಿಟನ್ ಕೆಲಸ ಕಳೆದುಕೊಂಡು, ಕೆಲಸದ ಜೊತೆಗಿದ್ದ ಮನೆಯನ್ನೂ ಬಿಟ್ಟು ಸಾಲ್ಸ್‌ಬರಿ ಪಟ್ಟಣ ಸೇರುತ್ತಾನೆ, ಲಾಂಡ್ರಿಯ ವ್ಯಾನ್ ಓಡಿಸುತ್ತಾನೆ. ಜಾಕ್‌ನ ಹೆಂಡತಿ ಗಂಡ ಸತ್ತ ಮೇಲೆ ಆ ಕೆಸರಿನ ಜಾಗ ಬಿಟ್ಟು ಹೊಸ ಮನೆಗೆ ಹೋಗುತ್ತಾಳೆ. ಅವಳ ಪಾಲಿಗೆ ಅದೊಂದು ಏಳಿಗೆ. ಗಂಡನ ತೋಟ ಅವಳಿಗೆ ಏನಾಗಿತ್ತು? ನೈಪಾಲ್ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಾರೆ. ಪುಸ್ತಕದ ನಿಜವಾದ ಬಡತನ ಇರುವುದು ಇಲ್ಲೇ. ಹೆಂಗಸರ ಹತ್ತಿರ ಬಂದಾಗ ಅಷ್ಟು ತಾಳ್ಮೆಯ ಕಣ್ಣು ಅವಸರ ಮಾಡುತ್ತದೆ. ಗಂಡನ ಕೈಯಲ್ಲಿ ಕೊಲೆಯಾಗುವ ಬ್ರೆಂಡಾಳ ಪಾತ್ರವೂ ನಮಗೆ ಹೊರಗಿನಿಂದಷ್ಟೇ ಸಿಗುತ್ತದೆ.

ಇನ್ನೂ ದೊಡ್ಡ ಖಾಲಿಯೊಂದಿದೆ. ಪುಸ್ತಕದ ನಿರೂಪಕ ಆ ಕಾಟೇಜಿನಲ್ಲಿ ಒಂಟಿ. ವಾಸ್ತವದಲ್ಲಿ ನೈಪಾಲರ ಪತ್ನಿ ಪೆಟ್ರಿಷಿಯಾ ಆ ಮನೆಯಲ್ಲಿದ್ದರು, ಗಂಡನ ಹಸ್ತಪ್ರತಿಗಳನ್ನು ಓದುತ್ತಿದ್ದರು. ಪ್ಯಾಟ್ರಿಕ್ ಫ್ರೆಂಚ್ 2008ರಲ್ಲಿ ಬರೆದ ಜೀವನಚರಿತ್ರೆ ಅವರ ದಾಂಪತ್ಯವನ್ನು ಬಿಚ್ಚಿಟ್ಟಿದೆ. ಕಾದಂಬರಿ ಎಂದ ಮೇಲೆ ಲೇಖಕನಿಗೆ ಸ್ವಾತಂತ್ರ್ಯ ಉಂಟು, ನಿಜ. ಆದರೆ ಮನೆ ಬದಲಿಸುವುದೆಂದರೆ ಪಾತ್ರೆ ಪಡಗ ಕಟ್ಟುವುದು, ಒಲೆ ಹೂಡುವುದು, ಅಂಗಡಿ ಹುಡುಕುವುದು, ನೆರೆಯವರ ಜೊತೆ ಮಾತು ಶುರು ಮಾಡುವುದು. ಈ ಕೆಲಸ ಮಾಡಿದವರನ್ನು ಅಳಿಸಿದ ಮೇಲೆ ಉಳಿಯುವ ಏಕಾಂತಕ್ಕೆ ಒಂದು ಸುಳ್ಳಿನ ಹೊಳಪು ಬರುತ್ತದೆ. ಪ್ರೀತಿ ಎಂಬ ಮಾತೇ ಈ ಪುಸ್ತಕದಲ್ಲಿಲ್ಲವೆಂದು ಸಲ್ಮಾನ್ ರಷ್ದಿ ವಿಮರ್ಶೆಯಲ್ಲಿ ಗುರುತಿಸಿದ್ದರು. ಜಾಕ್‌ನ ತೋಟವನ್ನು ಅಷ್ಟು ಸಲ ಹಿಂದಿರುಗಿ ನೋಡುವುದರಲ್ಲಿ ನನಗೆ ಪ್ರೀತಿ ಕಾಣುತ್ತದೆ. ಮನೆಯೊಳಗಿನ ಮನುಷ್ಯರ ಮಟ್ಟಿಗೆ ರಷ್ದಿಯ ಮಾತನ್ನು ಅಲ್ಲಗಳೆಯಲಾರೆ.

ಇನ್ನು ನನ್ನ ತಕರಾರು. ಈ ಕಣಿವೆಯ ಬಾಡಿಗೆ ಮನೆಯಲ್ಲಿದ್ದ ವರ್ಷಗಳಲ್ಲೇ, 1977ರಲ್ಲಿ, ನೈಪಾಲರ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್' ಬಂತು. ಅದರ ಮೊದಲ ಅಧ್ಯಾಯದಲ್ಲೇ ನಮ್ಮ ಹಂಪಿ ಬರುತ್ತದೆ. ಹಾಳುಬಿದ್ದ ಕಲ್ಲುಗಳ ನಡುವೆ ಬಾಳುತ್ತಿದ್ದ ಜನರನ್ನು ಅವರು ಕಂಡರು. ಸೋತ ನಾಗರಿಕತೆಯೊಂದರ ಉಳಿಕೆ ಎಂದು ತೀರ್ಮಾನಿಸಿದರು. 1336ರಲ್ಲಿ ಹುಟ್ಟಿ 1565ರಲ್ಲಿ ಹಾಳಾದ ವಿಜಯನಗರ ಅವರ ಲೆಕ್ಕದಲ್ಲಿ ಹುಟ್ಟುವಾಗಲೇ ದಣಿದಿತ್ತು. ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಅದೇ ಪುಸ್ತಕದಲ್ಲಿ ರೋಗಲಕ್ಷಣದ ದಾಖಲೆಯಂತೆ ಓದಿದರು. ಪ್ರಾಣೇಶಾಚಾರ್ಯರನ್ನು ಒಳಗಿನಿಂದ ಪ್ರಶ್ನಿಸುವ ಕಾದಂಬರಿಯ ಸ್ವರ ಅವರಿಗೆ ಪೂರ್ತಿ ಕೇಳಿಸಲಿಲ್ಲ. ಈಗ ಎರಡೂ ದೃಶ್ಯಗಳನ್ನು ಪಕ್ಕಪಕ್ಕ ಇಡೋಣ. ವಿಲ್ಟ್‌ಷೈರಿನಲ್ಲಿ ಪಾಳು ಕೊಟ್ಟಿಗೆಗಳ ನಡುವೆ ಬಾಳುವ ಜಾಕ್ ಬದುಕನ್ನು ತಾನೇ ಕಟ್ಟಿಕೊಂಡ ಧೀರ. ಹಂಪಿಯಲ್ಲಿ ಪಾಳು ಮಂಟಪದ ಕೆಳಗೆ ಬಾಳುವವನು ಸೋಲಿನ ಗುರುತು. ಜಾಕ್‌ಗೆ ಸಿಕ್ಕ ಎರಡನೆಯ ನೋಟ, ಮೂರನೆಯ ನೋಟ ಹಂಪಿಯವನಿಗೆ ಸಿಗಲಿಲ್ಲ. ಅವನು ಎಲ್ಲಿಂದ ಬಂದ, ಆ ಕಲ್ಲುಗಳ ನಡುವೆ ಏನು ಬೆಳೆಸಿದ, ಏನು ಮಾರಿದ ಎಂದು ಯಾರೂ ಕೇಳಲಿಲ್ಲ.

ಇದು ನೈಪಾಲರೊಬ್ಬರ ದೋಷವೂ ಅಲ್ಲ. ಅವಶೇಷ ಅಚ್ಚುಕಟ್ಟಾಗಿರಬೇಕು, ಅಲ್ಲಿ ಜನ ಇರಬಾರದು ಎಂಬ ನಂಬಿಕೆಯಲ್ಲೇ 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಂದ ಮನೆ, ಅಂಗಡಿಗಳನ್ನು ತೆರವು ಮಾಡಿದರು. ಸಾಲ್ಸ್‌ಬರಿಯವರು ಹಳೆಯ ದೇಗುಲದ ಕಲ್ಲನ್ನು ಹೊಸ ಗೋಡೆಗೆ ಹಾಕಿಕೊಂಡರೆ ಅದು ಇತಿಹಾಸ. ನಮ್ಮವರು ಹಳೆಯ ಮಂಟಪಕ್ಕೆ ಗೋಡೆ ಕಟ್ಟಿ ಮನೆ ಮಾಡಿಕೊಂಡರೆ ಒತ್ತುವರಿ. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿ ಬಾಳಿದವರೂ ಆ ಜಾಗದ ಚರಿತ್ರೆಯೇ ಎಂಬುದರಲ್ಲೂ ಇಲ್ಲ.

ನೈಪಾಲರಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಕಣಿವೆಯಲ್ಲಿ ಕಲಿತ ತಾಳ್ಮೆ 1990ರ 'ಇಂಡಿಯಾ: ಎ ಮಿಲಿಯನ್ ಮ್ಯೂಟಿನೀಸ್ ನೌ'ನಲ್ಲಿ ಫಲ ಕೊಟ್ಟಿದೆ. ಅಲ್ಲಿ ಅವರು ಬೆಂಗಳೂರಿನಲ್ಲಿ ಕೂತು ಜನರ ಮಾತನ್ನು ಪುಟಗಟ್ಟಲೆ ಕೇಳಿಸಿಕೊಳ್ಳುತ್ತಾರೆ, ತೀರ್ಪನ್ನು ಮುಂದೂಡುತ್ತಾರೆ. ನಡುವೆ ಅವರನ್ನು ಬದಲಿಸಿದ್ದು ಜಾಕ್‌ನ ತೋಟವೆಂದೇ ನನ್ನ ಎಣಿಕೆ, ಜೊತೆಗೆ ಒಂದು ಸಾವು. 'ಎನಿಗ್ಮಾ'ದ ಕೊನೆಯ ಭಾಗದಲ್ಲಿ ತಂಗಿ ಸತಿಯ ಉತ್ತರಕ್ರಿಯೆಗೆ ಕುಟುಂಬ ಟ್ರಿನಿಡಾಡಿನಲ್ಲಿ ಸೇರುತ್ತದೆ. ಪುರೋಹಿತ ಮಂತ್ರ ಹೇಳುತ್ತಾನೆ. ನಂಬಿಕೆ ಸವೆದ ಮನೆಯವರು ಅದನ್ನು ಮಾಡಿಸುತ್ತಾರೆ. ಆಚರಣೆಯನ್ನು ಒಂದು ಕಾಲದಲ್ಲಿ ಅಷ್ಟು ಕಟುವಾಗಿ ಕಂಡ ಲೇಖಕ ಇಲ್ಲಿ ಸುಮ್ಮನೆ ಕೂತು ನೋಡುತ್ತಾನೆ.

ನಮ್ಮ ಕಾಲೇಜುಗಳಲ್ಲಿ 'ಸಂಸ್ಕಾರ'ದ ಚರ್ಚೆ ಬಂದಾಗಲೆಲ್ಲ ನೈಪಾಲರ 1977ರ ಮಾತುಗಳು ತಪ್ಪದೆ ಬರುತ್ತವೆ. ಹಂಪಿಯ ಆ ಪುಟಗಳನ್ನು ಓದಿಸುವ ಮೇಷ್ಟರು 'ಜಾಕ್‌ನ ತೋಟ'ವನ್ನೂ ಅದರ ಪಕ್ಕದಲ್ಲೇ ಇಟ್ಟು ಓದಿಸಲಿ. ಕಡೇಪಕ್ಷ ಹೊಸಪೇಟೆಯ ಹುಡುಗನೊಬ್ಬ ಅಥವಾ ಕಮಲಾಪುರದ ಹುಡುಗಿಯೊಬ್ಬಳು, ಇದೇ ಕಣ್ಣಿನಿಂದ ನಮ್ಮೂರನ್ನು ಯಾಕೆ ನೋಡಲಿಲ್ಲ ಎಂದು ಕೇಳುವುದಕ್ಕಾದರೂ ಎರಡೂ ಪುಸ್ತಕ ಒಂದೇ ಮೇಜಿನ ಮೇಲಿರಬೇಕು.