ಹೆಸರಿಗೆ ಚದರಡಿ ಲೆಕ್ಕ

ಭಾನುವಾರದ ಪತ್ರಿಕೆಯಲ್ಲಿ ನಾನು ಮೊದಲು ಓದುವುದು ಸೈಟು, ಫ್ಲ್ಯಾಟುಗಳ ಜಾಹೀರಾತನ್ನು. ಕೊಳ್ಳುವ ಶಕ್ತಿಯಿದೆ ಎಂದಲ್ಲ. ಅಷ್ಟೊಂದು ಕಲ್ಪನೆ ಕತೆ ಕಾದಂಬರಿಗಳಲ್ಲೂ ಸಿಗುವುದಿಲ್ಲ ಎಂದು. ಕೆರೆ ಮುಚ್ಚಿ ಹೋದಲ್ಲಿ ‘ಲೇಕ್ ವ್ಯೂ’, ಮಾವಿನ ತೋಪು ಕಡಿದಲ್ಲಿ ‘ಮ್ಯಾಂಗೋ ಗಾರ್ಡನ್’. ಹೊಸಕೋಟೆಯ ಹತ್ತಿರದ ಹೊಲ ‘ವೈಟ್‌ಫೀಲ್ಡಿಗೆ ಅಂಟಿಕೊಂಡಂತೆ’ ಇರುತ್ತದೆ. ದೇವನಹಳ್ಳಿಯಾಚೆಯ ರಾಗಿಹೊಲ ‘ಉತ್ತರ ಬೆಂಗಳೂರು’ ಆಗಿಬಿಟ್ಟಿರುತ್ತದೆ. ಜಮೀನು ಇದ್ದಲ್ಲೇ ಇದೆ, ಹೆಸರು ಮಾತ್ರ ಮೂವತ್ತು ಕಿಲೋಮೀಟರು ನಡೆದು ಬಂದಿದೆ. ಈ ಸಾಹಿತ್ಯವನ್ನು ಯಾರೂ ವಿಮರ್ಶಿಸುವುದಿಲ್ಲ. ಜನ ಜೀವಮಾನದ ಉಳಿತಾಯವನ್ನು ಸುರಿಯುವುದು ಇದನ್ನು ನಂಬಿಯೇ ಆದ್ದರಿಂದ, ಸ್ವಲ್ಪ ಹತ್ತಿರದಿಂದ ನೋಡೋಣ.

ಊರಿಗೆ, ಬಡಾವಣೆಗೆ ಹೆಸರಿಡುವುದು ಹೊಸದೇನಲ್ಲ. 1898ರಲ್ಲಿ ಪ್ಲೇಗು ಬಂದು ಬೆಂಗಳೂರಿನ ಪೇಟೆಯ ಜನ ದಿಕ್ಕೆಟ್ಟಾಗ ಮಲ್ಲೇಶ್ವರ, ಬಸವನಗುಡಿಗಳು ಹುಟ್ಟಿದವು. ಎರಡಕ್ಕೂ ಹೆಸರು ಬಂದದ್ದು ಅಲ್ಲಿ ಮೊದಲೇ ಇದ್ದ ದೇವರಿಂದ, ಕಾಡು ಮಲ್ಲೇಶ್ವರನಿಂದ ಮತ್ತು ದೊಡ್ಡ ಬಸವಣ್ಣನಿಂದ. ಹೊಸಬರು ಹಳೆಯ ದೇವರ ಅಡ್ರೆಸ್ಸಿಗೆ ಬಂದು ಸೇರಿಕೊಂಡರು. ಆಮೇಲಿನ ಕಾಲ ಅಷ್ಟು ವ್ಯವಧಾನದ್ದಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಬಿಟಿಎಂ ಆದವು. ಹೊಸೂರು ಸರ್ಜಾಪುರ ರಸ್ತೆ ಎಚ್‌ಎಸ್‌ಆರ್ ಆಯಿತು. ತಾವರೆಯೂ ಹೋಯಿತು, ಕೆರೆಯೂ ಹೋಯಿತು, ನಡುವೆ ಒಂದು ‘ಟಿ’ ಉಳಿಯಿತು. ಆದರೂ ಇವು ನಕ್ಷೆ ಬರೆದವರ ಅವಸರದ ಹೆಸರುಗಳು, ಮೋಸದವಲ್ಲ. ಅಲ್ಲಿ ಇದ್ದದ್ದನ್ನೇ ಚಿಕ್ಕದು ಮಾಡಿದರು, ಇಲ್ಲದ್ದನ್ನು ತಂದು ಅಂಟಿಸಲಿಲ್ಲ.

ಬೆಲೆಗಾಗಿಯೇ ಹೆಸರು ಬದಲಿಸುವ ವಿದ್ಯೆಯನ್ನು ನೋಡಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು. ಅಲ್ಲಿನ ಹಾರ್ಲೆಮ್ ಕಪ್ಪು ಜನರ ಕೇರಿ. 1920ರ ದಶಕದಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಮೊದಲಾದವರು ಅಲ್ಲಿಂದ ಬರೆದರು; ಡ್ಯೂಕ್ ಎಲಿಂಗ್ಟನ್ನನ ಸಂಗೀತ ಅಲ್ಲಿಂದ ಲೋಕಕ್ಕೆ ಕೇಳಿಸಿತು. ಆಮೇಲೆ ಬಡತನ, ಪಾಳುಬಿದ್ದ ಮನೆಗಳು, ಬ್ಯಾಂಕಿನವರ ಅಸಡ್ಡೆ ಎಲ್ಲವನ್ನೂ ಅದೇ ಜನ ಉಂಡರು. ಒಳ್ಳೆಯ ಕಾಲ ಬರುವ ಸೂಚನೆ ಕಂಡದ್ದೇ, ಮನೆ ಮಾರುವವರು ಅದರ ದಕ್ಷಿಣ ಭಾಗಕ್ಕೆ, 110ನೆಯ ಬೀದಿಯಿಂದ 125ನೆಯ ಬೀದಿಯವರೆಗೆ, ‘ಸೋಹಾ’ ಎಂದು ಹೆಸರಿಟ್ಟರು. ಸಿರಿವಂತರ ‘ಸೋಹೋ’ ಬಡಾವಣೆಯ ನೆರಳು ಇದರ ಮೇಲೂ ಬೀಳಲಿ ಎಂದಿರಬೇಕು. 2017ರಲ್ಲಿ ಅಲ್ಲಿನ ನಿವಾಸಿಗಳು ಸಿಟ್ಟಿಗೆದ್ದರು. ಇಂಥ ಕಲ್ಪಿತ ಹೆಸರಿನಲ್ಲಿ ಮನೆ ಮಾರುವುದನ್ನು ತಡೆಯಲು ಅಲ್ಲಿನ ಸೆನೆಟರೊಬ್ಬರು ಮಸೂದೆಯನ್ನೂ ತಂದರು. ಅದು ಕಾಯಿದೆಯಾಗಲಿಲ್ಲ. ಆದರೆ ಜನರ ಪ್ರಶ್ನೆ ಮಾತ್ರ ಖಡಾಖಂಡಿತವಾಗಿತ್ತು: ಕಷ್ಟಕಾಲಕ್ಕೆಲ್ಲ ಹಾರ್ಲೆಮ್ ಎಂಬ ಹೆಸರು ಸಾಕಾಗಿತ್ತು, ಲಾಭದ ಕಾಲಕ್ಕೆ ಅದು ಯಾಕೆ ಬೇಡವಾಯಿತು?

ನಮ್ಮಲ್ಲೂ ಇದೇ ಪ್ರಶ್ನೆ ಜಿಲ್ಲೆಯ ಮಟ್ಟಕ್ಕೇ ಬಂದು ನಿಂತಿದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿತು. ಬೆಂಗಳೂರಿನ ಹೆಸರು ಬಂದರೆ ಹೂಡಿಕೆ ಬರುತ್ತದೆ, ಉದ್ಯಮ ಬರುತ್ತದೆ, ಜಮೀನಿನ ಬೆಲೆ ಏರುತ್ತದೆ ಎಂಬುದು ಬದಲಾವಣೆ ಬಯಸಿದವರ ವಾದ. ರಾಮನಗರ ಹೆಸರು ಬದಲಾಯಿಸದ ಊರೇನಲ್ಲ ಎನ್ನಿ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಅದು ಕ್ಲೋಸ್‌ಪೇಟೆಯಾಗಿತ್ತು. ಅಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಆದರೆ ರಾಮನಗರ ಎಂದೊಡನೆ ನಮಗೆ ನೆನಪಾಗುವುದು ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ. ಬಿಸಿನೀರಿನಲ್ಲಿ ಬೆರಳು ಅದ್ದಿ ಅದ್ದಿ ನೂಲು ಬಿಚ್ಚಿದ ಹೆಂಗಸರ ಕೈ ಆ ಹೆಸರಿನ ಹಿಂದಿದೆ. ಪಕ್ಕದ ಚನ್ನಪಟ್ಟಣದ ಹಿಂದೆ ಅರಗಿನ ಬಣ್ಣದ ಗೊಂಬೆ ಮಾಡಿದವರಿದ್ದಾರೆ. ಇವು ದುಡಿದು ಗಳಿಸಿದ ಹೆಸರುಗಳು. ‘ಬೆಂಗಳೂರು ದಕ್ಷಿಣ’ ಒಂದು ದಿಕ್ಕು, ಅಷ್ಟೆ. ದೊಡ್ಡ ಮನೆಯ ಹೊರಜಗಲಿಯಲ್ಲಿ ಒಂದು ಮೂಲೆ ಕೊಟ್ಟ ಹಾಗೆ.

ನಮ್ಮ ಕಾನೂನಿನ ಒಂದು ವಿಚಿತ್ರ ನೋಡಿ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಇವಕ್ಕೆಲ್ಲ ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಬೇರೆ ಊರಿನ ಬಾಳೆಹಣ್ಣನ್ನು ನಂಜನಗೂಡಿನದೆಂದು ಹೇಳಿ ಮಾರುವುದು ತಪ್ಪು. ಡಜನ್ ಬಾಳೆಹಣ್ಣಿಗೆ ಇರುವ ಈ ಕಾವಲು ಕೋಟಿ ರೂಪಾಯಿಯ ಮನೆಯ ವಿಳಾಸಕ್ಕಿಲ್ಲ. 2016ರ ರೇರಾ ಕಾಯಿದೆಯ 12ನೆಯ ಕಲಮು ಜಾಹೀರಾತಿನ ಸುಳ್ಳು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು ಎನ್ನುತ್ತದೆ, ನಿಜ. ಆದರೆ ‘ವೈಟ್‌ಫೀಲ್ಡಿನಿಂದ ಕೆಲವೇ ನಿಮಿಷ’ ಎಂಬುದನ್ನು ಸುಳ್ಳೆಂದು ಸಾಧಿಸುವುದು ಹೇಗೆ? ಯಾವ ಹೊತ್ತಿನ ನಿಮಿಷ, ಯಾವ ವಾಹನದ ನಿಮಿಷ?

ಇದಕ್ಕೆ ನಮ್ಮಂಥವರ ಕೈಯಲ್ಲಿ ಒಂದು ಔಷಧವಿದೆ. ಕ್ರಯಪತ್ರದ ಕೊನೆಯಲ್ಲಿರುವ ಷೆಡ್ಯೂಲ್ ಓದಬೇಕು. ಜಾಹೀರಾತಿನಲ್ಲಿ ಏನೇ ಇರಲಿ, ಸರ್ವೆ ನಂಬರು, ಗ್ರಾಮ, ಹೋಬಳಿ, ತಾಲ್ಲೂಕು ಅಲ್ಲಿ ತಮ್ಮ ಹುಟ್ಟುಹೆಸರಿನಲ್ಲೇ ಕುಳಿತಿರುತ್ತವೆ. ಮನೆಯಲ್ಲಿ ಗಂಡಸರು ಬೆಲೆ ಮಾತಾಡುತ್ತಿದ್ದರೆ ನಾವು ಆ ಒಂದು ಪುಟ ಕೇಳಿ ಓದಿಕೊಳ್ಳೋಣ. ಆಮೇಲೆ ಅಲ್ಲಿಗೆ ನೀರು ಬರುವುದು ಕೊಳಾಯಿಯಲ್ಲೋ ಟ್ಯಾಂಕರಿನಲ್ಲೋ, ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸೋಣ. ಹೆಸರಿನಿಂದ ನೀರು ಬರುವುದಿಲ್ಲವಲ್ಲ.

‘ಬೆಲೆ ಏರಿದರೆ ಒಳ್ಳೆಯದೇ ಅಲ್ಲವೇ? ಹೊಸಬರು ಬಂದರೆ ರಸ್ತೆ, ದೀಪ, ಶಾಲೆಯೂ ಬರುತ್ತವೆ’ ಎನ್ನುವವರಿದ್ದಾರೆ. ಮಾತು ಪೂರಾ ಸುಳ್ಳಲ್ಲ. ಹೊಲವಿದ್ದವರಿಗೆ, ಸ್ವಂತ ಮನೆಯಿದ್ದವರಿಗೆ ಒಳ್ಳೆಯದೇ. ಆದರೆ ಬೆಲೆ ಎನ್ನುವುದು ಏತದ ಹಾಗೆ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿ ಬಾವಿಗಿಳಿಯುತ್ತದೆ. ನಮ್ಮ ಮನೆಗೆಲಸಕ್ಕೆ ಬರುವಾಕೆ ಹತ್ತಿರದ ಒಂದು ವಠಾರದಲ್ಲಿದ್ದಳು. ಆ ಬೀದಿಗೆ ಇಂಗ್ಲಿಷಿನ ಹೆಸರಿನ ಕಮಾನು ಬಂತು, ಎರಡೇ ವರ್ಷಕ್ಕೆ ಬಾಡಿಗೆ ಅವಳ ಕೈಮೀರಿತು, ಅಡ್ವಾನ್ಸಂತೂ ಕೇಳುವುದೇ ಬೇಡ. ಈಗ ಊರಾಚೆಯಿಂದ ಎರಡು ಬಸ್ಸು ಹಿಡಿದು ಬರುತ್ತಾಳೆ. ‘2023ರಿಂದ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಅದೇ ಪುಣ್ಯ’ ಎಂದು ನಾನು ಅಂದರೆ ಅವಳು ಹೇಳಿದಳು: ‘ದುಡ್ಡು ಪುಕ್ಕಟೆ ಕಣಕ್ಕ, ಹೊತ್ತು ಪುಕ್ಕಟೆ ಅಲ್ಲ. ಮಗಳು ಇಸ್ಕೂಲಿಂದ ಬರೋ ಹೊತ್ತಿಗೆ ನಾನು ಮನೇಲಿರಲ್ಲ.’ ಆ ಬೀದಿಯ ಬೆಲೆ ಏರಿದ್ದರಲ್ಲಿ ಈ ಮಗುವಿನ ಎರಡು ಗಂಟೆಯೂ ಸೇರಿದೆ. ಯಾವ ಜಾಹೀರಾತಿನಲ್ಲೂ ಅದರ ಲೆಕ್ಕವಿಲ್ಲ.

ಹಾಗೆಂದು ಹಳೆಯ ಹೆಸರೆಲ್ಲ ಪವಿತ್ರವೆಂದು ನಾನು ಹೇಳುವುದಿಲ್ಲ. ಜಾತಿಯ ಹೆಸರಿನಿಂದಲೇ ಕೇರಿಯನ್ನು ಕರೆದು, ಅಲ್ಲಿನವರು ವಿಳಾಸ ಹೇಳುವಾಗಲೆಲ್ಲ ತಲೆ ತಗ್ಗಿಸುವಂತೆ ಮಾಡಿದ ನಾಡು ನಮ್ಮದು. ಅಂಥ ಕೇರಿಯವರು ತಮ್ಮ ಬೀದಿಗೆ ಅಂಬೇಡ್ಕರರ ಹೆಸರಿಟ್ಟುಕೊಂಡಾಗ ಅದು ತಲೆ ಎತ್ತಿದ ಕೆಲಸ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಜಾತಿಸೂಚಕ ವಸತಿಗಳ ಹೆಸರನ್ನೆಲ್ಲ ಬದಲಿಸಲು ತೀರ್ಮಾನಿಸಿದ್ದೂ ಇದೇ ಕಾರಣಕ್ಕೆ. ಇಲ್ಲಿ ಹೆಸರು ಬದಲಾಗುವುದು ಅಲ್ಲಿದ್ದವರು ಅಲ್ಲೇ ಗೌರವವಾಗಿ ಬಾಳಲಿ ಎಂದು. ಸೋಹಾದಂಥ ಹೆಸರು ಬರುವುದು ಅಲ್ಲಿದ್ದವರನ್ನು ಬರುವವರ ಕಣ್ಣಿಗೆ ಕಾಣದಂತೆ ಮಾಡಲು. ಎರಡೂ ಬದಲಾವಣೆಯೇ, ಕೇಳಿದವರು ಯಾರು ಎಂಬುದರಲ್ಲಿ ಎಲ್ಲ ವ್ಯತ್ಯಾಸವೂ ಇದೆ.

ಈ ವ್ಯತ್ಯಾಸ ಹೆಂಗಸರಾದ ನಮಗೆ ಬೇಗ ಅರ್ಥವಾಗಬೇಕು. ಕೆಲವು ಮನೆತನಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಸುತ್ತಾರೆ. ಹೆಸರು ಚೆನ್ನಾಗಿಯೇ ಇರುತ್ತದೆ, ಬರೆಸುವವರ ಮನಸ್ಸಿನಲ್ಲಿ ಕೆಟ್ಟದ್ದೂ ಇರುವುದಿಲ್ಲ. ಆದರೆ ಇಪ್ಪತ್ತೈದು ವರ್ಷ ಒಂದು ಹೆಸರಿಗೆ ಓಗೊಟ್ಟವಳನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ನಿನಗೆ ಇಷ್ಟವೇ ಎಂದು ಕೇಳಿ ಇಟ್ಟರೆ ಅದು ಆಶೀರ್ವಾದ. ಕೇಳದೆ ಇಟ್ಟರೆ ಹಳೆಯವಳನ್ನು ಅಳಿಸಿದಂತೆ. ಬೀದಿಗೂ ಇದೇ ನ್ಯಾಯ.

ಬಡಾವಣೆಯ ಹೆಸರು ಬದಲಾಗುವ ಮುನ್ನ ಅಲ್ಲಿ ಬಾಡಿಗೆಗಿರುವವರನ್ನೂ, ಹೂ ಕಟ್ಟಿ ಮಾರುವವರನ್ನೂ, ಇಸ್ತ್ರಿ ಗಾಡಿಯವನನ್ನೂ ಕೂರಿಸಿ ಕೇಳುವ ಒಂದು ಸಭೆ ನಡೆಯಲಿ. ಮಾಲೀಕರ ಸಂಘದ ಠರಾವು ಮಾತ್ರ ಸಾಲದು. ಅಷ್ಟೂ ಆಗದ ಊರುಗಳಲ್ಲಿ ನಾವು ಮಾಡಬಹುದಾದದ್ದು ಚಿಕ್ಕದೇ ಆದರೂ ಒಂದಿದೆ: ಆಟೋದವನಿಗೆ, ಅಂಚೆಯವನಿಗೆ, ಮಕ್ಕಳಿಗೆ ಹಳೆಯ ಹೆಸರನ್ನೇ ಹೇಳುತ್ತಿರುವುದು. ಫ್ರೇಜರ್ ಟೌನನ್ನು ಪುಲಿಕೇಶಿನಗರ ಎಂದು ಸರ್ಕಾರವೇ ಬರೆಸಿದರೂ ಜನ ಇನ್ನೂ ಫ್ರೇಜರ್ ಟೌನ್ ಎನ್ನುತ್ತಿಲ್ಲವೇ? ಹೆಸರು ಕೊನೆಗೂ ಉಳಿಯುವುದು ಬೋರ್ಡಿನಲ್ಲಲ್ಲ, ಬಾಯಲ್ಲಿ.